ಆಟ ತಡವರಿಸಿದರೆ ಬಯೋಸ್‌ನತ್ತ ನೋಡಿ

ಶಕ್ತಿಶಾಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಡೆಸ್ಕ್‌ಟಾಪ್‌ನಲ್ಲಿ ಆಟ ಆಗಾಗ ಕ್ಷಣಕಾಲ ಸ್ತಬ್ಧವಾಗುವುದುಂಟು. ಕೆಲವು ರೈಝನ್ ಕಂಪ್ಯೂಟರ್‌ಗಳಲ್ಲಿ ಈ ದೋಷವಿರುವುದನ್ನು ಎಎಂಡಿ ಸಂಸ್ಥೆಯೇ 2022ರ ಮಾರ್ಚ್‌ನಲ್ಲಿ ಒಪ್ಪಿಕೊಂಡಿತ್ತು. ಪ್ರೊಸೆಸರ್‌ನ ಎಫ್‌ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯು ಮದರ್‌ಬೋರ್ಡ್‌ನ ಫ್ಲಾಶ್ ಮೆಮೊರಿಯೊಂದಿಗೆ ನಡೆಸುವ ವ್ಯವಹಾರ ದೀರ್ಘವಾದಾಗ ಇಡೀ ಕಂಪ್ಯೂಟರೇ ತಡವರಿಸುತ್ತದೆ.

ಬಯೋಸ್‌ನಲ್ಲಿ ಎಫ್‌ಟಿಪಿಎಂ ನಿಷ್ಕ್ರಿಯಗೊಳಿಸುವುದು ಹಲವರು ಹಿಡಿಯುವ ಅಡ್ಡದಾರಿ. ಅಪಾಯವಿರುವುದು ಇಲ್ಲಿಯೇ. ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆಯಿದ್ದು, 48 ಅಂಕಿಗಳ ರಿಕವರಿ ಕೀ ಬಳಿಯಲ್ಲಿಲ್ಲದಿದ್ದರೆ ಫೋಟೋ, ಕಡತಗಳೆಲ್ಲ ಕೈತಪ್ಪಬಹುದು. ಸಾಲದ್ದಕ್ಕೆ, ವಿಂಡೋಸ್ 11 ಟಿಪಿಎಂ 2.0 ಅನ್ನು ಬಯಸುತ್ತದೆ.

ಮದರ್‌ಬೋರ್ಡ್ ತಯಾರಕರು ನೀಡುವ, ಅಜೆಸಾ 1207 ಅಥವಾ ನಂತರದ ಆವೃತ್ತಿಯನ್ನು ಆಧರಿಸಿದ ಬಯೋಸ್ ಅಳವಡಿಸುವುದೇ ಸರಿಯಾದ ಪರಿಹಾರ. ಅದಕ್ಕೂ ಮುನ್ನ ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿ, ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು. ಅದೇ ಕಂಪ್ಯೂಟರಿನಲ್ಲಿ ಉಳಿಸಿಟ್ಟರೆ ಪ್ರಯೋಜನವಿಲ್ಲ.