ಬಟನ್ ಟೈರ್, ಬಿಗಿ ಚೈನ್: ಅಡ್ವೆಂಚರ್ ಬೈಕಿನ ಸುತ್ತ ಬೆಳೆದ ತಪ್ಪು ಕಲ್ಪನೆಗಳು

ಡಾಂಬರು, ಮಣ್ಣು ಎರಡರಲ್ಲೂ ಓಡಲೆಂದೇ ಮಾಡಿದ ಬೈಕುಗಳು ನಮ್ಮ ರಸ್ತೆಗಳಿಗೆ ಬಂದು ಬಹಳ ಕಾಲವೇನೂ ಆಗಿಲ್ಲ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2020ರಲ್ಲಿ ಕೆಟಿಎಂ 390 ಅಡ್ವೆಂಚರ್ ಬಂದ ಮೇಲೆ ಸಕಲೇಶಪುರದ ಎಸ್ಟೇಟ್ ದಾರಿಯಲ್ಲೂ ಬೆಂಗಳೂರಿನ ಸಿಗ್ನಲ್‌ಗಳಲ್ಲೂ ಇವು ಮಾಮೂಲಿಯಾದವು. ಕೊಂಡವರು ಗಾಡಿಯನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ. ಚೈನ್, ಫಿಲ್ಟರ್, ಟೈರಿನ ಕೆಲಸವನ್ನು ಮನೆಯಂಗಳದಲ್ಲೇ ಮಾಡಿಕೊಳ್ಳುತ್ತಾರೆ. ಆ ಅಕ್ಕರೆಯೇ ಎಷ್ಟೋ ಸಲ ಗಾಡಿಗೆ ಮುಳುವಾಗುತ್ತದೆ. ಅಗತ್ಯಕ್ಕಿಂತ ದಪ್ಪ ಟೈರ್, ಅಗತ್ಯಕ್ಕಿಂತ ಬಿಗಿ ಚೈನ್, ಅಗತ್ಯಕ್ಕಿಂತ ಜೋರಾದ ನೀರು: ಹೆಚ್ಚಾದಷ್ಟೂ ಒಳ್ಳೆಯದು ಎಂಬ ಒಂದೇ ತಿಳಿವಳಿಕೆಯ ಬೇರೆ ಬೇರೆ ರೂಪಗಳಿವು.

“ಬಟನ್ ಟೈರ್ ಹಾಕಿಸಿದರೆ ಎಲ್ಲಿ ಬೇಕಾದರೂ ಹಿಡಿತ” ಎನ್ನುತ್ತಾರೆ. ಮಣ್ಣಿನಲ್ಲಿ ಅದು ನಿಜ. ಬಿಡಿಬಿಡಿಯಾಗಿ ನಿಂತ ರಬ್ಬರಿನ ಬಟನ್‌ಗಳು ಕೆಸರಿಗಿಳಿದು ಕಚ್ಚುತ್ತವೆ. ಚಕ್ರ ತಿರುಗಿದಂತೆ ಸಂದಿಯಲ್ಲಿ ಸಿಕ್ಕಿದ ಕೆಸರು ಸಿಡಿದುಹೋಗುತ್ತದೆ. ಡಾಂಬರಿಗೆ ಬಂದರೆ ಲೆಕ್ಕ ತಿರುಗುಮುರುಗಾಗುತ್ತದೆ. ನೆಲಕ್ಕೆ ತಾಗುವುದು ಬಟನ್‌ಗಳ ನೆತ್ತಿ ಮಾತ್ರ. ಜೋರಾಗಿ ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಗಾಡಿ ಮಲಗಿಸಿದಾಗ ಅವು ಬಾಗುತ್ತವೆ, ಬೇಗ ಸವೆಯುತ್ತವೆ. ನೆನೆದ ರಸ್ತೆಯಲ್ಲಿ ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆ, ಚಾರ್ಮಾಡಿ ಘಾಟಿ ಇಳಿಯುವವರಿಗೆ ಎದುರಾಗುವುದು ಹೆಚ್ಚಾಗಿ ನೀರು ಹರಿಯುವ ಗಟ್ಟಿ ರಸ್ತೆ, ಅದರ ಅಂಚಿಗೆ ಪಾಚಿ. ಪಾಚಿಯ ಮೇಲೆ ಯಾವ ಟೈರನ್ನೂ ನಂಬುವಂತಿಲ್ಲ. ನೀರು ಹರಿಯುವ ಡಾಂಬರಿನ ಮೇಲಾದರೆ, ಒತ್ತೊತ್ತಾದ ಬ್ಲಾಕ್‌ಗಳಿರುವ ಡ್ಯುಯಲ್ ಪರ್ಪಸ್ ಟೈರ್ ಬಟನ್ ಟೈರಿಗಿಂತ ಎಷ್ಟೋ ವಾಸಿ. ಅಂಗಡಿಯಲ್ಲಿ ಹೇಳುವ 80-20, 50-50 ಎಂಬ ಡಾಂಬರು-ಮಣ್ಣಿನ ಪಾಲು ಯಾವುದೋ ಸರ್ವಮಾನ್ಯ ಪರೀಕ್ಷೆಯ ಫಲಿತಾಂಶವಲ್ಲ, ತಯಾರಕರ ಅಂದಾಜು. ಕಳೆದ ವರ್ಷ ನಿಮ್ಮ ಗಾಡಿ ಓಡಿದ ಕಿಲೋಮೀಟರುಗಳಲ್ಲಿ ಮಣ್ಣಿನ ಪಾಲೆಷ್ಟು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಟೈರ್ ಆರಿಸಿ. ಮುಂದೆ ಎಂದಾದರೂ ಹೋಗಬೇಕೆಂದಿರುವ ದಾರಿಗಾಗಿ ಇಂದು ದಿನವೂ ಆಫೀಸಿಗೆ ಹೋಗುವ ದಾರಿಯಲ್ಲಿ ಜಾರುವುದು ಬೇಡ.

ದಪ್ಪ ಟೈರಿನ ಮೋಹವೂ ಇಂಥದ್ದೇ. ಹಳೆಯ 411 ಸಿಸಿ ಹಿಮಾಲಯನ್‌ನ ಹಿಂದಿನ ಟೈರ್ 120/90-17. ಅದೇ ರಿಮ್ಮಿಗೆ 150ರ ಟೈರ್ ತೊಡಿಸಿದರೆ ರಿಮ್ ಅಗಲವಾಗುವುದಿಲ್ಲ. ಟೈರಿನ ಎರಡೂ ಅಂಚುಗಳು ಒಳಕ್ಕೆ ಒತ್ತಲ್ಪಟ್ಟು, ನಡುಭಾಗ ಉಬ್ಬುತ್ತದೆ. ದುಡ್ಡು ಕೊಟ್ಟ ಅಗಲ ನೆಲಕ್ಕೆ ಪೂರ್ತಿ ತಾಗುವುದೇ ಇಲ್ಲ. ಮೇಲಾಗಿ ಚೈನ್, ಸ್ವಿಂಗ್‌ಆರ್ಮ್‌ಗೆ ಉಜ್ಜುವ ಭಯ ಬೇರೆ. ಮುಂದಿನ 90/90-21 ತೆಳ್ಳಗಿರುವುದು ಉಳಿತಾಯಕ್ಕಲ್ಲ. ತೆಳ್ಳನೆಯ ಟೈರ್ ಸಡಿಲ ಮಣ್ಣನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತದೆ, ದೊಡ್ಡ ಚಕ್ರ ಕಲ್ಲನ್ನು ಸಲೀಸಾಗಿ ಹತ್ತಿಳಿಯುತ್ತದೆ. ಅಳತೆಯ ಪಕ್ಕದಲ್ಲಿರುವ 54ಎಸ್‌ನಂಥ ಗುರುತನ್ನೂ ಓದಿ: 54 ಎಂದರೆ ಆ ಟೈರ್ ಹೊರಬಲ್ಲ ಭಾರ 212 ಕಿಲೋ, ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದ ಮಿತಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡು ಕಡೆ ಪೆಟ್ಟಿಗೆ ಕಟ್ಟಿಕೊಂಡು ಹೊರಡುವವರಿಗೆ ಇದು ಟೈರಿನ ಚೆಲುವಿಗಿಂತ ಮುಖ್ಯ. ನಾಲ್ಕಂಕಿಯ ಇನ್ನೊಂದು ಗುರುತು ತಯಾರಾದ ದಿನದ್ದು. 2323 ಎಂದಿದ್ದರೆ 2023ರ 23ನೇ ವಾರ. ಹೊಸದೆಂದು ಕೊಟ್ಟ ಟೈರ್ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿತ್ತೇ ಎಂದು ಅಲ್ಲೇ ತಿಳಿಯುತ್ತದೆ.

ಕಡ್ಡಿ ಚಕ್ರದ ಟ್ಯೂಬಿಗೆ ಪಂಕ್ಚರ್ ಸೀಲೆಂಟ್ ಸುರಿದು ನಿಶ್ಚಿಂತರಾಗುವವರಿದ್ದಾರೆ. ಟ್ಯೂಬ್‌ಲೆಸ್ ಟೈರಿನ ದಪ್ಪ ರಬ್ಬರಿನಲ್ಲಿ ಮೊಳೆ ಹಿಡಿದು ನಿಲ್ಲುತ್ತದೆ, ತೂತಿನ ಸುತ್ತ ಸೀಲೆಂಟ್ ಕಟ್ಟಿಕೊಳ್ಳುತ್ತದೆ. ತೆಳ್ಳನೆಯ ಟ್ಯೂಬ್ ಟೈರಿನೊಳಗೆ ಸರಿದಾಡುವುದರಿಂದ ಮೊಳೆ ತೂತನ್ನು ಸೀಳಾಗಿಸುತ್ತದೆ. ಸೀಳನ್ನು ಸೀಲೆಂಟ್ ಮುಚ್ಚಲಾರದು. ಆಮೇಲೆ ಆ ಅಂಟು ನೀರಿನ ಮೇಲೆ ಪ್ಯಾಚ್ ಕೂಡ ಸರಿಯಾಗಿ ಕೂರುವುದಿಲ್ಲ. ಒಂದು ಹೊಸ ಟ್ಯೂಬ್, ಎರಡು ಟೈರ್ ಲಿವರ್, ಸಣ್ಣ ಪಂಪ್ ಇಟ್ಟುಕೊಂಡು, ಅಂಗಳದಲ್ಲಿ ಚಕ್ರ ಬಿಚ್ಚಿ ಹಾಕಲು ಕಲಿಯುವುದು ಇದಕ್ಕಿಂತ ಖಾತ್ರಿಯ ದಾರಿ.

ಗಾಳಿಯ ವಿಷಯಕ್ಕೆ ಬಂದರೆ, “ಮಣ್ಣಿನ ದಾರಿಗೆ ಗಾಳಿ ಇಳಿಸಬೇಕು” ಎಂಬುದು ಅರ್ಧ ಸತ್ಯ. ಇಳಿಸಿದರೆ ಟೈರ್ ನೆಲಕ್ಕೆ ಉದ್ದವಾಗಿ ಹರಡಿ ಹಿಡಿತ ಹೆಚ್ಚುತ್ತದೆ, ಸರಿ. ಆದರೆ ಟ್ಯೂಬ್ ಇರುವ ಚಕ್ರದಲ್ಲಿ ತೀರಾ ಇಳಿಸಿದರೆ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ. ಟೈರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಬುಡದಲ್ಲೇ ಹರಿಯುವುದೂ ಉಂಟು. ನಾಲ್ಕೈದು ಪಿಎಸ್‌ಐ ಇಳಿಸಿ, ನಿಧಾನ ಓಡಿಸಿ, ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಿ.

ಇಲ್ಲಿಂದ ಲಡಾಖಿಗೆ ಹೊರಡುವವರಿಗೆ ಇನ್ನೊಂದು ಭಯ: ಎತ್ತರಕ್ಕೆ ಹೋದಂತೆ ಟೈರ್ ಉಬ್ಬಿ ಒಡೆದೀತು ಎಂದು. ಸುಮಾರು 5,300 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ ಇರುವುದು ನಿಜ. ಆದರೆ ಅಲ್ಲಿ ಚಳಿಯೂ ಇದೆ. ಬೆಂಗಳೂರಿನಲ್ಲಿ 30 ಡಿಗ್ರಿಯಲ್ಲಿ 32 ಪಿಎಸ್‌ಐ ತುಂಬಿಸಿದ ಟೈರ್, ಅಲ್ಲಿ ಸೊನ್ನೆ ಡಿಗ್ರಿಯಲ್ಲಿ ಸುಮಾರು 33 ತೋರಿಸುತ್ತದೆ. ಎತ್ತರ ಏರಿಸಿದ್ದನ್ನು ಚಳಿ ಇಳಿಸಿರುತ್ತದೆ. ನಿಮ್ಮದೇ ಗೇಜ್ ಇಟ್ಟುಕೊಂಡು, ಬೆಳಿಗ್ಗೆ ಗಾಡಿ ಓಡಿಸುವ ಮೊದಲು ನೋಡುವುದೊಂದೇ ಬೇಕಾದ್ದು. ಇನ್ನು ನೈಟ್ರೋಜನ್: ನಾವು ಉಸಿರಾಡುವ ಗಾಳಿಯೇ ನೂರಕ್ಕೆ 78 ಪಾಲು ನೈಟ್ರೋಜನ್. ಪುಕ್ಕಟೆ ಸಿಕ್ಕರೆ ತುಂಬಿಸಿ, ಹುಡುಕಿಕೊಂಡು ಹೋಗಬೇಡಿ.

ಮನೆಯಲ್ಲಿ ಮಾಡುವ ಕೆಲಸಗಳಲ್ಲಿ ಅತಿ ಹೆಚ್ಚು ಕೆಡುಕಾಗುವುದು ಚೈನ್ ಬಿಗಿ ಮಾಡುವುದರಿಂದ. ಜೋತುಬಿದ್ದ ಚೈನ್ ಕಣ್ಣಿಗೆ ಒಡ್ಡಾಗಿ ಕಾಣುತ್ತದೆ, ಎಳೆದು ಕಟ್ಟಿದ್ದು ಅಚ್ಚುಕಟ್ಟು ಎನ್ನಿಸುತ್ತದೆ. ಉಳಿದ ಬೈಕುಗಳಿಗಿಂತ ಅಡ್ವೆಂಚರ್ ಬೈಕಿನಲ್ಲಿ ಈ ತಪ್ಪು ದುಬಾರಿ. ಹಿಮಾಲಯನ್ 411ರ ಹಿಂದಿನ ಚಕ್ರ 180 ಮಿಲಿಮೀಟರ್ ಮೇಲೆ ಕೆಳಗೆ ಆಡುತ್ತದೆ. ಹಾಗೆ ಆಡುವಾಗ ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬರುವ ಗಳಿಗೆಯಲ್ಲಿ ಚೈನ್ ಅತಿ ಬಿಗಿ. ನಿಂತಿದ್ದಾಗಲೇ ಸಡಿಲ ಉಳಿಸದಿದ್ದರೆ, ಗುಂಡಿಗೆ ಬಿದ್ದ ಆ ಕ್ಷಣದ ಎಳೆತವನ್ನೆಲ್ಲ ಗೇರ್‌ಬಾಕ್ಸ್ ಶಾಫ್ಟಿನ ಬೇರಿಂಗ್ ತಿನ್ನಬೇಕು. ಚೈನ್ ಸೆಟ್ಟಿನ ಖರ್ಚಿನಲ್ಲಿ ಮುಗಿಯಬೇಕಾದ್ದು ಎಂಜಿನ್ ಬಿಚ್ಚುವಲ್ಲಿಗೆ ಹೋಗುತ್ತದೆ. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಚೈನ್ ಅತ್ಯಂತ ಬಿಗಿಯಿರುವ ಜಾಗ ಹುಡುಕಿ, ಅಲ್ಲಿ ಮ್ಯಾನ್ಯುಯಲ್ ಹೇಳಿದಷ್ಟು ಸಡಿಲ ಇಡಿ. ಅಳತೆ ಸೈಡ್ ಸ್ಟ್ಯಾಂಡಿನ ಮೇಲೋ ಸೆಂಟರ್ ಸ್ಟ್ಯಾಂಡಿನ ಮೇಲೋ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಚೈನ್ ಶುಚಿ ಮಾಡಲು ಪೆಟ್ರೋಲ್ ಬೇಡ. ಓ-ರಿಂಗ್ ಚೈನಿನ ಕೊಂಡಿಗಳೊಳಗೆ ಗ್ರೀಸ್ ಇದೆ, ಅದನ್ನು ಕಾಯುವುದು ಸಣ್ಣ ರಬ್ಬರ್ ಬಳೆಗಳು. ಪೆಟ್ರೋಲ್, ತಂತಿ ಬ್ರಷ್ ಎರಡೂ ಅವನ್ನು ಹಾಳುಮಾಡುತ್ತವೆ. ಒಳಗೆ ಗ್ರೀಸ್ ಇದೆಯೆಂದು ಹೊರಗೆ ಎಣ್ಣೆ ಹಾಕದೇ ಇರುವುದೂ ತಪ್ಪು. ರೋಲರ್ ಮತ್ತು ಸ್ಪ್ರಾಕೆಟ್ ಹಲ್ಲಿಗೆ ಎಣ್ಣೆ ಬೇಕು, ತುಕ್ಕು ತಡೆಯಲೂ ಬೇಕು. ಎಂಜಿನ್ನಿನಿಂದ ಇಳಿಸಿದ ಹಳೆ ಆಯಿಲ್ ಮಾತ್ರ ಬಳಿಯಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಮತ್ತು ಇದನ್ನು ಒತ್ತಿ ಹೇಳುತ್ತೇನೆ: ಎಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಓಡುವ ಚೈನಿಗೆ ಬಟ್ಟೆ ಹಿಡಿಯಬೇಡಿ. ಬಟ್ಟೆ ಸಿಕ್ಕಿಕೊಂಡರೆ ಬೆರಳು ಸ್ಪ್ರಾಕೆಟ್ಟಿಗೆ ಹೋಗುತ್ತದೆ. ಚಕ್ರವನ್ನು ಕೈಯಿಂದಲೇ ತಿರುಗಿಸಿ.

ಕೊನೆಗೆ ವಾಟರ್ ಸರ್ವಿಸ್. ಮಲೆನಾಡಿನಿಂದ ಕೆಂಪು ಮಣ್ಣು ಮೆತ್ತಿಕೊಂಡು ಬಂದ ಗಾಡಿಯನ್ನು ಪ್ರೆಷರ್ ಗನ್ನಿನ ಮುಂದೆ ನಿಲ್ಲಿಸುವುದು ವಾಡಿಕೆ. ಹತ್ತಿರದಿಂದ ಬಿಟ್ಟ ಆ ನೀರು ಚಕ್ರದ ಬೇರಿಂಗ್, ಕೋನ್‌ಸೆಟ್, ಚೈನಿನ ಓ-ರಿಂಗ್, ವೈರಿಂಗ್ ಕನೆಕ್ಟರ್‌ಗಳೊಳಗೆ ನುಗ್ಗಿ, ಮಣ್ಣನ್ನೂ ಒಯ್ದು, ಗ್ರೀಸನ್ನು ಹೊರದಬ್ಬುತ್ತದೆ. ಆಮೇಲೆ ಹೊಳಪಿಗೆಂದು ಹೊಡೆಯುವ ಡೀಸೆಲ್ ಸ್ಪ್ರೇ ಇನ್ನೂ ಅಪಾಯ: ಡಿಸ್ಕಿಗೆ ಬಿದ್ದರೆ ಬ್ರೇಕ್ ಹಿಡಿಯದು, ಟೈರಿಗೆ ಬಿದ್ದರೆ ತಿರುವಿನಲ್ಲಿ ಜಾರುತ್ತದೆ. ತೊಳೆಯಲು ಬಕೆಟ್ ನೀರು, ಶಾಂಪೂ, ಮೆತ್ತನೆಯ ಬ್ರಷ್ ಸಾಕು. ತೊಳೆದ ಮೇಲೆ ಒಂದೆರಡು ಕಿಲೋಮೀಟರ್ ನಿಧಾನ ಓಡಿಸಿ, ನಡುನಡುವೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ, ಮನೆಗೆ ಬಂದು ಚೈನಿಗೆ ಎಣ್ಣೆ ಬಿಡಿ.