ಡಿಸ್ಕ್ ತುಂಬಿತೆ? ಕಾಳು ಉಳಿಸಿ, ಹೊಟ್ಟು ತೂರಿ

ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ‘ಲ್ಯಾಪ್‌ಟಾಪ್‌ನಲ್ಲಿ ಜಾಗವಿಲ್ಲ, ಹೊಸದು ಕೊಡಿಸಿ’ ಎಂಬ ಬೇಡಿಕೆ ಸಾಮಾನ್ಯ. ತಂದೆತಾಯಿಯರು ದುಡ್ಡು ಹೊಂದಿಸಲು ಹೊರಡುವ ಮೊದಲು, ಮಕ್ಕಳು ತಮ್ಮ ಹಿಂದಿನ ಸೆಮಿಸ್ಟರುಗಳ ಪ್ರಾಜೆಕ್ಟುಗಳತ್ತ ಒಮ್ಮೆ ಕಣ್ಣು ಹಾಯಿಸುವುದು ಲೇಸು.

1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಡಿಸ್ಕ್ ಸಾಧನದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ವಿದ್ಯಾರ್ಥಿಯೊಬ್ಬನ ಸಾಧಾರಣ ವೆಬ್ ಪ್ರಾಜೆಕ್ಟ್ ಅದರ ಹತ್ತಾರು ಪಟ್ಟು ಜಾಗ ನುಂಗಬಲ್ಲದು. ಹಾಗೆಂದು ಆತ ಅಷ್ಟೊಂದು ಬರೆದಿದ್ದಾನೆಯೆ? ಇಲ್ಲ. ಅವನು ಬರೆದದ್ದು ಕೆಲವು ಕಿಲೋಬೈಟ್ ಇದ್ದೀತು. ಉಳಿದದ್ದು ಹೊರಗಿನಿಂದ ತರಿಸಿದ ಸಾಮಗ್ರಿ.

ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿನಲ್ಲಿ ‘ಪ್ಯಾಕೇಜ್ ಡಾಟ್ ಜೇಸನ್’ ಎಂಬ ಸಣ್ಣ ಫೈಲಿರುತ್ತದೆ. ಮದುವೆ ಮನೆಯ ಸಾಮಾನಿನ ಚೀಟಿಯಂತೆ, ಬೇಕಾದ ಸಿದ್ಧ ತಂತ್ರಾಂಶಗಳ ಪಟ್ಟಿ ಅದು. ‘ಎನ್‌ಪಿಎಂ ಇನ್‌ಸ್ಟಾಲ್’ ಎಂದೊಡನೆ ಚೀಟಿಯಲ್ಲಿದ್ದವೂ ಅವು ನೆಚ್ಚಿಕೊಂಡ ಇನ್ನಷ್ಟೂ ಅಂತರ್ಜಾಲದಿಂದ ಇಳಿದು ‘ನೋಡ್ ಮಾಡ್ಯೂಲ್ಸ್’ ಫೋಲ್ಡರಿನಲ್ಲಿ ತುಂಬಿಕೊಳ್ಳುತ್ತವೆ. ಸಾಮಾನ್ಯವಾಗಿ ಹತ್ತು ಪ್ರಾಜೆಕ್ಟಿಗೆ ಹತ್ತು ಪ್ರತಿ! ಪೈಥಾನ್‌ನ ‘ವೆನ್ವ್’ ಕಥೆಯೂ ಇದೇ. ರಸ್ಟ್ ಭಾಷೆಯಲ್ಲಿ, ಜಾವಾದ ಮೇವನ್‌ನಲ್ಲಿ ಕಂಪೈಲರ್ ಸಿದ್ಧಪಡಿಸಿದ ಫೈಲುಗಳು ‘ಟಾರ್ಗೆಟ್’ ಫೋಲ್ಡರಿನಲ್ಲಿ ಸೇರುತ್ತವೆ. ಇವನ್ನೆಲ್ಲ ಮತ್ತೆ ಪಡೆಯಬಹುದು, ಆದ್ದರಿಂದ ಅಳಿಸಬಹುದು.

ಅಳಿಸಬಾರದವು ಯಾವುವು? ಸ್ವಂತ ಪ್ರೋಗ್ರಾಮು, ಸಾಮಾನಿನ ಚೀಟಿ, ಆವೃತ್ತಿಗಳನ್ನು ಗುರುತಿಟ್ಟ ‘ಲಾಕ್’ ಫೈಲು, ಸಂಗ್ರಹಿಸಿದ ಮಾಹಿತಿ, ಪಾಸ್‌ವರ್ಡ್‌ಗಳಿರುವ ‘ಡಾಟ್ ಎನ್ವ್’. ‘ಡಾಟ್ ಗಿಟ್’ ಫೋಲ್ಡರ್ ಕಣ್ಣಿಗೆ ಬೀಳದಂತೆ ಅಡಗಿರುತ್ತದೆ. ಪ್ರಾಜೆಕ್ಟಿನ ಇಡೀ ಚರಿತ್ರೆ ಅದರಲ್ಲಿದೆ. ಪೈಥಾನ್ ಬಳಸುವವರು ‘ವೆನ್ವ್’ ಅಳಿಸುವ ಮೊದಲು ‘ಪಿಪ್ ಫ್ರೀಜ್’ ಆಜ್ಞೆಯಿಂದ ಪಟ್ಟಿ ಬರೆಸಿಟ್ಟುಕೊಳ್ಳಲೇಬೇಕು. ಚೀಟಿಯೇ ಇಲ್ಲದಿದ್ದರೆ ಸಾಮಾನು ತರುವುದು ಹೇಗೆ?

ಇನ್ನೊಂದು ಎಚ್ಚರ. 2016ರ ಮಾರ್ಚಿನಲ್ಲಿ ‘ಲೆಫ್ಟ್ ಪ್ಯಾಡ್’ ಎಂಬ ಪುಟ್ಟ ತಂತ್ರಾಂಶವನ್ನು ಅದರ ಕರ್ತೃವೇ ಎನ್‌ಪಿಎಂ ಉಗ್ರಾಣದಿಂದ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅನೇಕ ಪ್ರಾಜೆಕ್ಟುಗಳ ಇನ್‌ಸ್ಟಾಲ್ ನಿಂತುಹೋಯಿತು. ಒಮ್ಮೆ ಸಿಕ್ಕಿದ್ದು ಸದಾ ಸಿಗುತ್ತದೆಂಬ ಖಾತರಿಯಿಲ್ಲ. ಹಾಗಾಗಿ ಈ ವರ್ಷ ಒಪ್ಪಿಸಬೇಕಾದ ಪ್ರಾಜೆಕ್ಟನ್ನು ಮುಟ್ಟದಿರುವುದೇ ಜಾಣತನ. ವೈವಾ ಪರೀಕ್ಷೆಯ ಹಿಂದಿನ ರಾತ್ರಿಯಂತೂ ಈ ಕೆಲಸ ಸಲ್ಲದು.

ಕ್ರಮ ಹೀಗಿರಲಿ: ಮೊದಲು ಸ್ವಂತ ಕೆಲಸದ ಪ್ರತಿಯೊಂದನ್ನು ಪೆನ್‌ಡ್ರೈವ್‌ಗೆ ಹಾಕಿ. ಒಂದು ಹಳೆಯ ಪ್ರಾಜೆಕ್ಟಿನ ಹೊಟ್ಟನ್ನು ಅಳಿಸಿ, ಮರಳಿ ತರಿಸಿ, ಓಡಿಸಿ ನೋಡಿ. ಸರಿಯಾಗಿ ಓಡಿದರೆ ಉಳಿದವಕ್ಕೆ ಕೈಹಚ್ಚಿ. ಕೊನೆಗೆ ರಿಸೈಕಲ್ ಬಿನ್ ಬರಿದು ಮಾಡಿ. ಅದಾಗುವ ತನಕ ಜಾಗ ಮರಳುವುದಿಲ್ಲ. ಆಮೇಲೂ ಜಾಗ ಸಾಲದಿದ್ದರೆ ಹೊಸ ಲ್ಯಾಪ್‌ಟಾಪಿನ ಮಾತು ತೆಗೆಯಬಹುದು.