ಎಡಗೈಯಲ್ಲಿ ಬರೆಯುವವರಿಗೆ ಇಂಕ್ ಪೆನ್ ಆಗಿಬರುವುದಿಲ್ಲವೇ? ನಿಜಾಂಶ ಇಲ್ಲಿದೆ

"ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ಇಂಕ್ ಪೆನ್ ಕೊಡಬೇಡಿ, ನಿಬ್ಬು ಹಾಳಾಗುತ್ತದೆ." "ಇಂಕ್ ಪೆನ್ ಇರುವುದೇ ಬಲಗೈಗೆ." "ಪೆನ್ಸಿಲ್ ಬಿಟ್ಟು ಪೆನ್ ಹಿಡಿಯುವಾಗಲೇ ಕೈ ಬದಲಿಸಿಬಿಡಿ, ಆಮೇಲೆ ಕಷ್ಟ." ಇಂಥ ಮಾತುಗಳು ಮನೆಗಳಲ್ಲಿ, ಶಾಲೆಯ ಗೇಟಿನ ಹತ್ತಿರ, ಪೋಷಕರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಕೇಳಿಬರುತ್ತವೆ.

ಇದು ಬರೀ ಪೆನ್ನಿನ ವಿಷಯವಲ್ಲ. ಕೆಲವು ಶಾಲೆಗಳಲ್ಲಿ ಒಂದು ತರಗತಿ ದಾಟಿದ ಮೇಲೆ ಇಂಕ್ ಪೆನ್ನಿನಲ್ಲೇ ಬರೆಯಬೇಕು ಎಂಬ ನಿಯಮವಿದೆ. ಎಡಗೈಯಲ್ಲಿ ಬರೆಯುವ ಮಗುವಿನ ನೋಟ್‌ಬುಕ್ಕಿನಲ್ಲಿ ಶಾಯಿ ಸವರಿಕೊಂಡಿರುತ್ತದೆ, ಅಂಗೈಯ ಅಂಚು ನೀಲಿಯಾಗಿರುತ್ತದೆ, 'ನೀಟಾಗಿ ಬರೆ' ಎಂಬ ಕೆಂಪು ಗೆರೆ ಬಿದ್ದಿರುತ್ತದೆ. ತಪ್ಪು ಕೈಯದ್ದೇ ಎಂದು ದೊಡ್ಡವರು ತೀರ್ಮಾನಿಸಿ, ಕೈ ತಿದ್ದಲು ಹೊರಡುತ್ತಾರೆ. ಆದ್ದರಿಂದ ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಚಿಕ್ಕ ಉತ್ತರ: ಎಡಗೈಯಲ್ಲಿ ಇಂಕ್ ಪೆನ್ ಹಿಡಿದು ಚೆನ್ನಾಗಿ ಬರೆಯಬಹುದು. ಶಾಯಿ ಸವರುವುದಕ್ಕೆ ಕಾರಣ ಬರೆಯುವ ದಿಕ್ಕು, ಪೆನ್ನಿನ ಕೋನ ಮತ್ತು ಶಾಯಿ ಒಣಗುವ ಸಮಯ. ಈ ಮೂರರಲ್ಲಿ ಎರಡನ್ನು ಸುಲಭವಾಗಿ ಬದಲಿಸಬಹುದು. ಕೈ ಬದಲಿಸುವ ಅಗತ್ಯವಿಲ್ಲ.

ಶಾಯಿ ಸವರುವುದೇಕೆ?

ಕನ್ನಡ, ಹಿಂದಿ, ಇಂಗ್ಲಿಷ್ ಎಲ್ಲವನ್ನೂ ನಾವು ಎಡದಿಂದ ಬಲಕ್ಕೆ ಬರೆಯುತ್ತೇವೆ. ಬಲಗೈಯಲ್ಲಿ ಬರೆಯುವವರ ಕೈ ಪೆನ್ನಿನ ಬಲಗಡೆ, ಅಂದರೆ ಇನ್ನೂ ಖಾಲಿ ಇರುವ ಜಾಗದ ಮೇಲೆ ಇರುತ್ತದೆ. ಎಡಗೈಯಲ್ಲಿ ಬರೆಯುವವರ ಕೈ ಪೆನ್ನಿನ ಎಡಗಡೆ, ಅಂದರೆ ಈಗಷ್ಟೇ ಬರೆದ ಅಕ್ಷರಗಳ ಮೇಲೆ ಇರುತ್ತದೆ. ಬರೆದ ಒಂದೆರಡು ಸೆಕೆಂಡಿನಲ್ಲೇ ಅಂಗೈ ಆ ಅಕ್ಷರದ ಮೇಲೆ ಹಾದುಹೋಗುತ್ತದೆ. ಶಾಯಿ ಅಷ್ಟರಲ್ಲಿ ಒಣಗಿರುವುದಿಲ್ಲ.

ಉರ್ದು ಬರಹವನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೀದರ್, ಕಲಬುರಗಿಯಿಂದ ಬೆಂಗಳೂರಿನವರೆಗೆ ನಮ್ಮ ರಾಜ್ಯದಲ್ಲೇ ಉರ್ದು ಕಲಿಯುವ ಮಕ್ಕಳಿದ್ದಾರೆ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅಲ್ಲಿ ಹಸಿ ಶಾಯಿಯ ಮೇಲೆ ಹಾದುಹೋಗುವುದು ಬಲಗೈ, ಎಡಗೈಗೆ ಆ ತೊಂದರೆಯಿಲ್ಲ. ಅದೇ ಮಗು, ಅದೇ ಪೆನ್ನು, ಅದೇ ಕೈ. ಕನ್ನಡ ಬರೆಯುವಾಗ ಸವರುತ್ತದೆ, ಉರ್ದು ಬರೆಯುವಾಗ ಸವರುವುದಿಲ್ಲ. ಅಂದಮೇಲೆ ದೋಷ ಕೈಯದ್ದು ಹೇಗಾಗುತ್ತದೆ? ಎಡಗೈಯಲ್ಲಿ ಬರೆಯುತ್ತಿದ್ದ ಇಟಲಿಯ ಕಲಾವಿದ ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳನ್ನು ಕನ್ನಡಿಯಲ್ಲಿ ಕಾಣುವಂತೆ ಬಲದಿಂದ ಎಡಕ್ಕೇ ಬರೆಯುತ್ತಿದ್ದ.

ಇನ್ನೊಂದು ಮಾತು. ಸವರುವುದು ಇಂಕ್ ಪೆನ್ನಿನಲ್ಲಿ ಮಾತ್ರವಲ್ಲ. ಪೆನ್ಸಿಲ್ ಹಿಡಿದರೆ ಅಂಗೈಯ ಅಂಚು ಕಪ್ಪಾಗುತ್ತದೆ, ಜೆಲ್ ಪೆನ್ ಕೂಡ ಸವರುತ್ತದೆ. ಇಂಕ್ ಪೆನ್ನಿನಲ್ಲಿ ಶಾಯಿ ಹೆಚ್ಚು ತೆಳ್ಳಗೆ, ಹೆಚ್ಚು ಒದ್ದೆಯಾಗಿ ಇಳಿಯುವುದರಿಂದ ಎದ್ದು ಕಾಣುತ್ತದೆ ಅಷ್ಟೇ.

ಹೇಳಿಕೆ 1: ಎಡಗೈಯಲ್ಲಿ ಬರೆದರೆ ನಿಬ್ಬು ಹಾಳಾಗುತ್ತದೆ

ಇದು ಅರ್ಧಸತ್ಯ. ನಿಬ್ಬು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅರ್ಥವಾಗುತ್ತದೆ.

ನಿಬ್ಬಿನ ನಡುವೆ ಕೂದಲೆಳೆಯಷ್ಟು ಸಣ್ಣ ಸೀಳು ಇರುತ್ತದೆ. ನಿಬ್ಬಿನ ಕೆಳಗಿರುವ ಪ್ಲಾಸ್ಟಿಕ್ ತುಂಡಿನಲ್ಲೂ ಸಣ್ಣ ಕಾಲುವೆಗಳಿರುತ್ತವೆ. ದೀಪದ ಬತ್ತಿ ಎಣ್ಣೆ ಹೀರಿಕೊಳ್ಳುವ ಹಾಗೆ ಶಾಯಿ ಈ ಸಂದುಗಳಲ್ಲಿ ತಾನಾಗಿಯೇ ಹರಿದು ಬರುತ್ತದೆ. ಎಷ್ಟು ಶಾಯಿ ಹೊರಬರುತ್ತದೋ ಅಷ್ಟು ಗಾಳಿ ಒಳಗೆ ಹೋಗಬೇಕು. ಈ ಎರಡನ್ನೂ ಹದವಾಗಿ ನಡೆಸುವ ಪೆನ್ನಿಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು. ಇಂದಿನ ಪೆನ್ನುಗಳೂ ಕೆಲಸ ಮಾಡುವುದು ಇದೇ ತತ್ವದ ಮೇಲೆ.

ಬಲಗೈಯವರು ಎಡದಿಂದ ಬಲಕ್ಕೆ ಬರೆಯುವಾಗ ನಿಬ್ಬನ್ನು ಹೆಚ್ಚಾಗಿ ಎಳೆಯುತ್ತಾರೆ. ಎಡಗೈಯವರು ಹೆಚ್ಚಾಗಿ ತಳ್ಳುತ್ತಾರೆ. ಪೆನ್ನನ್ನು ನೆಟ್ಟಗೆ ನಿಲ್ಲಿಸಿ, ಒತ್ತಿ ತಳ್ಳಿದರೆ ನಿಬ್ಬಿನ ತುದಿ ಕಾಗದದ ನಾರಿಗೆ ಸಿಕ್ಕಿಕೊಳ್ಳುತ್ತದೆ. ಕರಕರ ಸದ್ದಾಗುತ್ತದೆ, ಶಾಯಿ ನಿಂತು ನಿಂತು ಬರುತ್ತದೆ. 'ನಿಬ್ಬು ಹಾಳಾಯಿತು' ಎಂದು ಅನ್ನಿಸುವುದು ಆಗಲೇ. ನಿಜವಾಗಿ ಆಗಿರುವುದು ಕೋನ ಮತ್ತು ಒತ್ತಡದ ತೊಂದರೆ. ಹಾಗೆ ಒತ್ತಿ ಬರೆದರೆ ಬಲಗೈಯವರ ನಿಬ್ಬೂ ಸೀಳು ಅಗಲವಾಗಿ ಕೆಡುತ್ತದೆ.

ಅಷ್ಟಕ್ಕೂ ತಳ್ಳುವುದು ಎಡಗೈಗೆ ಮಾತ್ರ ಸೇರಿದ್ದಲ್ಲ. 'ಅಂಗಡಿ' ಎಂದು ಬರೆಯುವಾಗ ನಡುವೆ ಬರುವ ಸೊನ್ನೆಯನ್ನು ಗಮನಿಸಿ. ಅದನ್ನು ಸುತ್ತಲು ನಿಬ್ಬು ಎಡಕ್ಕೆ, ಕೆಳಕ್ಕೆ, ಬಲಕ್ಕೆ, ಮೇಲಕ್ಕೆ ನಾಲ್ಕೂ ಕಡೆ ಹೋಗಲೇಬೇಕು. ಯಾವ ಕೈಯಲ್ಲಿ ಬರೆದರೂ ಸುತ್ತಿನ ಅರ್ಧ ಭಾಗ ತಳ್ಳುವುದೇ ಆಗಿರುತ್ತದೆ. ಕನ್ನಡದಂಥ ದುಂಡನೆಯ ಲಿಪಿಯನ್ನು ಬರೆಯಬಲ್ಲ ನಿಬ್ಬು ಎಡಗೈಗೂ ಒಗ್ಗುತ್ತದೆ. ಅದಕ್ಕಾಗಿಯೇ ಸಾಮಾನ್ಯ ನಿಬ್ಬಿನ ತುದಿಯಲ್ಲಿ ಗಟ್ಟಿ ಲೋಹದ ಒಂದು ಸಣ್ಣ ಗುಂಡು ಇರುತ್ತದೆ. ನಿಬ್ಬಿನ ಮೇಲೆ 'ಇರಿಡಿಯಂ ಪಾಯಿಂಟ್' ಎಂದು ಬರೆದಿದ್ದರೂ ಈಗಿನ ಅನೇಕ ನಿಬ್ಬುಗಳಲ್ಲಿ ಇರಿಡಿಯಂ ಇರುವುದಿಲ್ಲ. ರುಥೇನಿಯಂ, ಆಸ್ಮಿಯಂ, ಟಂಗ್‌ಸ್ಟನ್‌ನಂಥ ಗಟ್ಟಿ ಲೋಹಗಳ ಮಿಶ್ರಣ ಇರುತ್ತದೆ. ಅದು ಸವೆಯಲು ವರ್ಷಗಳೇ ಬೇಕು.

ಹಾಗಾದರೆ ಅರ್ಧ ಸತ್ಯ ಎಲ್ಲಿದೆ? ಒಬ್ಬರು ಹಲವು ವರ್ಷ ಬಳಸಿದ ನಿಬ್ಬು ಅವರು ಹಿಡಿಯುವ ಕೋನಕ್ಕೆ ತಕ್ಕಂತೆ ನಿಧಾನವಾಗಿ ಸವೆದಿರುತ್ತದೆ. ಬಲಗೈಯಲ್ಲಿ ಬರೆಯುತ್ತಿದ್ದ ತಾತನ ಪೆನ್ನು ಎಡಗೈಯ ಮೊಮ್ಮಗಳಿಗೆ ಒರಟು ಎನಿಸಬಹುದು. ಅದರಿಂದ ಇಂಕ್ ಪೆನ್ನೇ ಆಗುವುದಿಲ್ಲ ಎಂದು ತೀರ್ಮಾನಿಸಬೇಡಿ. ಮಗುವಿಗೆ ಹೊಸ ಪೆನ್ನು ಕೊಟ್ಟು ನೋಡಿ.

ಹೇಳಿಕೆ 2: ಎಡಗೈಗೆ ಸ್ಪೆಷಲ್ ಪೆನ್ನೇ ಬೇಕು

ಬೇಕೇಬೇಕು ಎಂದೇನಿಲ್ಲ. ಜರ್ಮನಿಯಲ್ಲಿ ಚಿಕ್ಕ ಮಕ್ಕಳು ಶಾಲೆಯಲ್ಲಿ ಇಂಕ್ ಪೆನ್ನಿನಲ್ಲಿ ಬರೆಯುವುದನ್ನು ಕಲಿಯುವ ರೂಢಿ ಇದೆ. ಅಲ್ಲಿನ ಪೆಲಿಕಾನ್, ಲಾಮಿ ಕಂಪನಿಗಳು ಎಡಗೈಯವರಿಗಾಗಿಯೇ ಪೆನ್ನು ಅಥವಾ ನಿಬ್ಬು ಮಾರುತ್ತವೆ. ಇವುಗಳಿಂದ ಅನುಕೂಲವಾಗಬಹುದು, ಆದರೆ ಕಡ್ಡಾಯವಲ್ಲ. ತುದಿ ದುಂಡಗಿರುವ ಸಾಮಾನ್ಯ ನಿಬ್ಬು ಸಾಕು. ತುದಿ ಚಪ್ಪಟೆಯಾಗಿರುವ ಕ್ಯಾಲಿಗ್ರಫಿ ನಿಬ್ಬನ್ನು ಆರಂಭದಲ್ಲಿ ಕೊಡಬೇಡಿ, ತಳ್ಳುವಾಗ ಅದರ ಅಂಚು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಹಿಡಿಕೆಯಲ್ಲಿ ಬೆರಳಿಗೆಂದು ಮಾಡಿದ ತಗ್ಗು ಬಲಗೈಗೆ ಮಾತ್ರ ಹೊಂದುವಂತಿದ್ದರೆ ಆ ಪೆನ್ನೂ ಬೇಡ.

ಅಂಗಡಿಯಲ್ಲಿ ಹೀಗೆ ಪರೀಕ್ಷಿಸಿ: ಮಗುವಿನ ಕೈಗೇ ಪೆನ್ನು ಕೊಟ್ಟು, ಒತ್ತದೆ, ನಿಧಾನವಾಗಿ ಇಂಗ್ಲಿಷಿನ 8 ಅಂಕಿಯನ್ನು ಮತ್ತೆ ಮತ್ತೆ ಬರೆಸಿ. ಎಲ್ಲೂ ಕರಕರ ಎನ್ನದೆ, ಗೆರೆ ತುಂಡಾಗದೆ ಬಂದರೆ ಆ ನಿಬ್ಬು ಆ ಕೈಗೆ ಸರಿ. ಅಪ್ಪ ಅಮ್ಮ ಬರೆದು ನೋಡಿ 'ಚೆನ್ನಾಗಿದೆ' ಎಂದರೆ ಸಾಲದು.

ಏನು ಮಾಡಿದರೆ ಸವರುವುದಿಲ್ಲ?

*ಕೈ ಗೆರೆಯ ಕೆಳಗಿರಲಿ.* ಎಡಗೈಯವರಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಬರವಣಿಗೆ ಕಾಣುತ್ತೇವೆ. ಕೆಲವರ ಕೈ ಬರೆಯುವ ಗೆರೆಯ ಕೆಳಗಿರುತ್ತದೆ. ಕೆಲವರದ್ದು ಗೆರೆಯ ಮೇಲೆಯೇ ಇರುತ್ತದೆ. ಇನ್ನು ಕೆಲವರು ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸಿ, ಮೇಲಿನಿಂದ ಬರೆಯುತ್ತಾರೆ. ಮೊದಲನೆಯ ಬಗೆಯಲ್ಲಿ ಕೈ ಹಸಿ ಶಾಯಿಯನ್ನು ಮುಟ್ಟುವುದೇ ಇಲ್ಲ. ಎರಡನೆಯದರಲ್ಲಿ ಸವರುವುದು ಹೆಚ್ಚು. ಮೂರನೆಯದರಲ್ಲಿ ಮೇಲಿನ ಸಾಲು ಸವರಬಹುದು, ಮಣಿಕಟ್ಟೂ ಬೇಗ ದಣಿಯುತ್ತದೆ. ಆದರೆ ವರ್ಷಗಟ್ಟಲೆ ಕೊಕ್ಕೆ ಕೈಯಲ್ಲಿ ನೋವಿಲ್ಲದೆ ಬರೆಯುತ್ತಿರುವ ದೊಡ್ಡವರು ಅದನ್ನು ಬದಲಿಸಲೇಬೇಕೆಂದಿಲ್ಲ. ಅವರು ಶಾಯಿ, ಕಾಗದ ಬದಲಿಸಿದರೆ ಸಾಕು.

*ಪುಸ್ತಕವನ್ನು ಓರೆಯಾಗಿಡಿ.* ಇದು ಕಾಸು ಖರ್ಚಿಲ್ಲದ ಉಪಾಯ. ಪುಸ್ತಕವನ್ನು ಎದೆಯ ನೇರಕ್ಕಿಂತ ಸ್ವಲ್ಪ ಎಡಕ್ಕೆ ಸರಿಸಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ 30ರಿಂದ 45 ಡಿಗ್ರಿಯಷ್ಟು ತಿರುಗಿಸಿ. ಪುಟದ ಅಂಚು ಮುಂಗೈಗೆ ಸಮಾನಾಂತರವಾಗಿ ಬಂದರೆ ಸರಿಯಾಗಿದೆ ಎಂದರ್ಥ. ಆಗ ಕೈ ತಾನಾಗಿ ಗೆರೆಯ ಕೆಳಗೆ ಬರುತ್ತದೆ, ನಿಬ್ಬನ್ನು ತಳ್ಳುವುದೂ ಕಡಿಮೆಯಾಗುತ್ತದೆ. ತರಗತಿಯಲ್ಲಿ 'ಪುಸ್ತಕ ನೇರವಾಗಿ ಇಟ್ಟುಕೋ' ಎಂದು ಗದರಿಸಿದರೆ ಈ ದಾರಿಯೇ ಮುಚ್ಚಿಹೋಗುತ್ತದೆ. ಶಿಕ್ಷಕರು ಇದನ್ನು ಗಮನಿಸಬೇಕು.

*ಪೆನ್ನನ್ನು ಸ್ವಲ್ಪ ಹಿಂದೆ ಹಿಡಿಯಿರಿ.* ನಿಬ್ಬಿನ ತುದಿಯಿಂದ ಸುಮಾರು 3 ಸೆಂಟಿಮೀಟರ್ ಹಿಂದೆ ಹಿಡಿದರೆ ಬರೆಯುತ್ತಿರುವುದು ಕಾಣುತ್ತದೆ. ಪೆನ್ನು ವಾಲಿಕೊಳ್ಳುವುದರಿಂದ ನಿಬ್ಬು ಕಾಗದಕ್ಕೆ ಚುಚ್ಚುವುದಿಲ್ಲ.

*ಸಣ್ಣ ನಿಬ್ಬು, ಬೇಗ ಒಣಗುವ ಶಾಯಿ.* ಫೈನ್ ನಿಬ್ಬು ಕಡಿಮೆ ಶಾಯಿ ಬಿಡುತ್ತದೆ, ಬೇಗ ಒಣಗುತ್ತದೆ. ತೀರಾ ಸಣ್ಣದಾದರೆ ತಳ್ಳುವಾಗ ಒರಟಾಗುತ್ತದೆ, ಆದ್ದರಿಂದ ಫೈನ್ ಅಥವಾ ಮೀಡಿಯಂ ಸಾಕು. ಶಾಯಿ ಒಣಗುವುದು ಕಾಗದ ಹೀರಿಕೊಳ್ಳುವುದರಿಂದ ಮತ್ತು ನೀರು ಆವಿಯಾಗುವುದರಿಂದ. ನುಣುಪಾದ ದುಬಾರಿ ಕಾಗದ ಕಡಿಮೆ ಹೀರುತ್ತದೆ, ಹಾಗಾಗಿ ಅದರ ಮೇಲೆ ಶಾಯಿ ಒಣಗಲು ಹೆಚ್ಚು ಹೊತ್ತು ಬೇಕು. ಮಳೆಗಾಲದಲ್ಲಿ, ಕರಾವಳಿಯ ತೇವದ ಗಾಳಿಯಲ್ಲೂ ಅಷ್ಟೇ. ನಿಮ್ಮ ಶಾಯಿ, ನಿಮ್ಮ ನೋಟ್‌ಬುಕ್ ಹೇಗೆ ಎಂದು ತಿಳಿಯಲು ಐದು ಗೆರೆ ಎಳೆದು, 3, 5, 10, 15, 20 ಸೆಕೆಂಡಿಗೆ ಒಂದೊಂದನ್ನು ಬೆರಳಿನಿಂದ ಸವರಿ ನೋಡಿ. ಐದು ಸೆಕೆಂಡಿನೊಳಗೆ ಒಣಗಿದರೆ ಆ ಜೋಡಿ ಒಳ್ಳೆಯದು.

*ಬ್ಲಾಟಿಂಗ್ ಪೇಪರ್ ಒತ್ತಿ, ಉಜ್ಜಬೇಡಿ.* ಒಂದು ಪ್ಯಾರಾ ಮುಗಿದ ಮೇಲೆ ಮೆಲ್ಲಗೆ ಒತ್ತಿದರೆ ಸಾಕು. ಹಿಂದೆ ಶಾಲೆಯಲ್ಲಿ ಚೆಲ್ಲಿದ ಶಾಯಿಗೆ ಸೀಮೆಸುಣ್ಣ ಇಡುತ್ತಿದ್ದರಲ್ಲ, ಅದೂ ಇದೇ ಕೆಲಸ.

ಒಂದು ಎಚ್ಚರಿಕೆ: ಬೇಗ ಒಣಗಲಿ ಎಂದು ಶಾಯಿಗೆ ಸ್ಪಿರಿಟ್, ಸ್ಯಾನಿಟೈಸರ್ ಬೆರೆಸಬೇಡಿ. ಅಕ್ಷರ ಹರಡಿಕೊಳ್ಳುತ್ತದೆ, ಕೆಲವು ಪ್ಲಾಸ್ಟಿಕ್ ಬಿರುಕು ಬಿಡಬಹುದು. ಚಿತ್ರ ಬರೆಯುವ ಇಂಡಿಯನ್ ಇಂಕನ್ನೂ ಪೆನ್ನಿಗೆ ತುಂಬಬೇಡಿ. ಅದು ಒಳಗೇ ಗಟ್ಟಿಯಾಗಿ ಕಾಲುವೆ ಕಟ್ಟಿಬಿಡುತ್ತದೆ.

ಹೇಳಿಕೆ 3: ಚಿಕ್ಕಂದಿನಲ್ಲೇ ಕೈ ಬದಲಿಸಿದರೆ ಎಲ್ಲ ಸರಿಹೋಗುತ್ತದೆ

ಇದು ತಪ್ಪು, ಮತ್ತು ಈ ಮೂರರಲ್ಲಿ ಮಗುವಿಗೆ ಹೆಚ್ಚು ಹಾನಿ ಮಾಡುವ ಹೇಳಿಕೆ ಇದೇ.

ಯಾವ ಕೈ ಮುಂದಾಗುತ್ತದೆ ಎಂಬುದು ರೂಢಿಯಿಂದ ಬರುವ ಚಟವಲ್ಲ. ಅದರ ಸುಳಿವು ಹುಟ್ಟುವ ಮೊದಲೇ ಕಾಣುತ್ತದೆ. ಗರ್ಭದಲ್ಲಿ ಯಾವ ಹೆಬ್ಬೆರಳು ಚೀಪುತ್ತಿದ್ದವು ಎಂದು ಸ್ಕ್ಯಾನ್‌ನಲ್ಲಿ ನೋಡಿದ್ದ 75 ಮಕ್ಕಳನ್ನು ಅವರು 10-12 ವರ್ಷದವರಾದಾಗ ಮತ್ತೆ ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಬಲ ಹೆಬ್ಬೆರಳು ಚೀಪುತ್ತಿದ್ದ 60 ಮಕ್ಕಳೂ ಬಲಗೈಯವರಾಗಿದ್ದರು. ಎಡ ಹೆಬ್ಬೆರಳು ಚೀಪುತ್ತಿದ್ದ 15 ಮಕ್ಕಳಲ್ಲಿ 10 ಮಂದಿ ಎಡಗೈಯವರಾಗಿದ್ದರು.

ಎಡಗೈಯವರು ಅಪರೂಪವೂ ಅಲ್ಲ. 20 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ಅವರ ಪ್ರಮಾಣ ಸುಮಾರು 10.6%. ಅಂದರೆ 40 ಮಕ್ಕಳ ತರಗತಿಯಲ್ಲಿ ಸರಾಸರಿ ನಾಲ್ವರು.

ಕೈ ಬದಲಿಸಿದರೆ ಮೆದುಳೂ ಬದಲಾಗುತ್ತದೆಯೇ? ಬಾಲ್ಯದಲ್ಲಿ ಬಲವಂತದಿಂದ ಬಲಗೈಗೆ ಬದಲಾಗಿದ್ದ ವಯಸ್ಕರು ಬರೆಯುವಾಗ ಅವರ ಮೆದುಳಿನ ಸ್ಕ್ಯಾನ್ ಮಾಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಎಡಗೈಯನ್ನು ನಡೆಸುವುದು ಮೆದುಳಿನ ಬಲ ಅರ್ಧ. ಇವರು ಎಷ್ಟೋ ವರ್ಷಗಳಿಂದ ಬಲಗೈಯಲ್ಲೇ ಬರೆಯುತ್ತಿದ್ದರೂ ಆ ಬಲ ಅರ್ಧ ಹುಟ್ಟಾ ಬಲಗೈಯವರಿಗಿಂತ ಹೆಚ್ಚು ಚಟುವಟಿಕೆಯಿಂದಿತ್ತು. ಕೈ ಬದಲಾಗಿತ್ತು, ಒಳಗಿನ ಒಲವು ಪೂರ್ತಿ ಬದಲಾಗಿರಲಿಲ್ಲ.

ಎಡಗೈಯಲ್ಲಿ ಊಟ ಮಾಡಬಾರದು, ಎಡಗೈಯಲ್ಲಿ ಪ್ರಸಾದ ತೆಗೆದುಕೊಳ್ಳಬಾರದು ಎಂಬ ರೂಢಿ ನಮ್ಮಲ್ಲಿದೆ. ಅದನ್ನು ಪಾಲಿಸುವ ಮನೆಯಲ್ಲೂ ಮಗು ಎಡಗೈಯಲ್ಲಿ ಬರೆಯಬಹುದು. ಸಚಿನ್ ತೆಂಡೂಲ್ಕರ್ ಬಲಗೈಯಲ್ಲಿ ಬ್ಯಾಟ್ ಬೀಸಿದರೂ ಬರೆಯುವುದು ಎಡಗೈಯಲ್ಲಿ. ಗಾಂಧೀಜಿ 1909ರಲ್ಲಿ ಹಡಗಿನಲ್ಲಿ 'ಹಿಂದ್ ಸ್ವರಾಜ್' ಬರೆಯುವಾಗ ಬಲಗೈ ಸೋತಾಗ ಎಡಗೈಯಲ್ಲಿ ಮುಂದುವರಿಸಿದ್ದರು.

ಶಾಲೆಯಲ್ಲಿ ಮಾಡಬಹುದಾದದ್ದು

ಎಡಗೈಯ ಮಗುವನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿ. ಪಕ್ಕದವರ ಮೊಣಕೈಗೆ ತಾಗುವುದು ತಪ್ಪುತ್ತದೆ. ಬಲಗಡೆ ಮಾತ್ರ ಹಲಗೆ ಇರುವ ಕುರ್ಚಿ ಬದಲು ಮೇಜು ಕೊಡಿ. ಸ್ಪೈರಲ್ ನೋಟ್‌ಬುಕ್ಕಿನ ಸುರುಳಿ ಎಡಗೈಗೆ ಅಡ್ಡ ಬರುತ್ತದೆ, ಹೊಲಿದ ಪುಸ್ತಕ ಒಳ್ಳೆಯದು. ಇಂಕ್ ಪೆನ್ ಕಡ್ಡಾಯವಿದ್ದರೆ ಅಭ್ಯಾಸಕ್ಕೆ ಕೆಲವು ವಾರ ಕೊಡಿ, ಅಲ್ಲಿಯವರೆಗೆ ಸವರಿದ್ದಕ್ಕೆ ಅಂಕ ಕಳೆಯಬೇಡಿ. ಇಷ್ಟಾದರೂ ಮಗುವಿಗೆ ಒಗ್ಗದಿದ್ದರೆ ಬೇರೆ ಪೆನ್ನಿನಲ್ಲಿ ಬರೆಯಲು ಬಿಡಿ. ಅಕ್ಷರ ಕಲಿಯುವುದು ಮುಖ್ಯ, ಪೆನ್ನು ಯಾವುದೆಂಬುದಲ್ಲ.

ನಮ್ಮ ತೀರ್ಮಾನ

'ಎಡಗೈಗೆ ಇಂಕ್ ಪೆನ್ ಆಗಿಬರುವುದಿಲ್ಲ' ಎಂಬುದು ಸುಳ್ಳು. 'ನಿಬ್ಬು ಹಾಳಾಗುತ್ತದೆ' ಎಂಬುದು ಅರ್ಧಸತ್ಯ: ನಿಬ್ಬು ಕೆಡುವುದು ಒತ್ತಿ ಬರೆಯುವುದರಿಂದ. 'ಕೈ ಬದಲಿಸಿ' ಎಂಬುದು ತಪ್ಪು ಸಲಹೆ. ಅಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮೊದಲು ಮನೆಯ ಮಗುವಿನ ಪುಸ್ತಕವನ್ನು ಒಮ್ಮೆ ಓರೆಯಾಗಿಟ್ಟು ಬರೆಸಿ ನೋಡಿ.